ಹೆದರಿದ ಕೈಯಿಂದ ಕರುಣೆಯನ್ನು ಬೇಡುವವರು

ಸರ್ಕಾರಿ ಆಸ್ಪತ್ರೆಯ ಮಾತು ಬಂದಾಗಲೆಲ್ಲ ದೊಡ್ಡವರು ಒಂದೇ ರಾಗ ಹಾಡುತ್ತಾರೆ: ದಾದಿಯರಿಗೆ ಕರುಣೆಯಿಲ್ಲ, ವೈದ್ಯರಿಗೆ ತಾಳ್ಮೆಯಿಲ್ಲ. ಇದಕ್ಕೆ ಅವರು ಕಂಡುಕೊಂಡ ಮದ್ದು ಉಪದೇಶ. ನಗುಮುಖದಿಂದ ಮಾತಾಡಿರಿ, ರೋಗಿಯನ್ನು ದೇವರೆಂದು ತಿಳಿಯಿರಿ ಎಂದು ಸುತ್ತೋಲೆ ಹೊರಡುತ್ತದೆ. ಆ ಸುತ್ತೋಲೆಗೆ ಸಹಿ ಹಾಕುವ ಕೈಯೇ ಮರುದಿನ ಅಮಾನತಿನ ಆದೇಶಕ್ಕೂ ಸಹಿ ಹಾಕುತ್ತದೆ. ಕರುಣೆ ಏಕೆ ಬತ್ತಿತೆಂದು ಕೇಳುವವರು ಮೊದಲು ಆ ಕೈಯನ್ನು ನೋಡಬೇಕು.

ಅನ್ಯರನ್ನು ದೂರುವ ಮುನ್ನ ನಮ್ಮ ತಪ್ಪನ್ನು ನಾವೇ ಹೇಳಿಬಿಡುತ್ತೇವೆ. ಕೆಲವು ವರ್ಷಗಳ ಹಿಂದೆ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಕೂಲಿಕಾರನೊಬ್ಬ ರಾತ್ರಿ ತೀರಿಕೊಂಡ. ಬಾವುಟ ಹಿಡಿದು ಹೋದ ನಾವು ಬಾಗಿಲಲ್ಲಿ ಸಿಕ್ಕ ದಾದಿಗೆ ಘೇರಾವ್ ಹಾಕಿ ಧಿಕ್ಕಾರ ಕೂಗಿದೆವು. ಇಡೀ ವಾರ್ಡಿಗೆ ಆ ರಾತ್ರಿ ಆಕೆ ಒಬ್ಬಳೇ. ನಮ್ಮನ್ನು ಗುರುತಿಸಿ ಮೆಲ್ಲಗೆ ಹೇಳಿದಳು: "ಮೇಷ್ಟ್ರೇ, ಡಾಕ್ಟರಿಗೆ ಮೂರು ಸಲ ಫೋನ್ ಮಾಡಿದೀನಿ. ಅದನ್ನ ಮಾತ್ರ ಬರೀಬೇಡಿ. ನನ್ನ ಕಾಂಟ್ರಾಕ್ಟು ಮಾರ್ಚಿಗೆ ಮುಗೀತದೆ." ನಮ್ಮ ಮನವಿಯ ಮೇಲೆ ಆಕೆಯನ್ನು ಕೆಲಸದಿಂದ ತೆಗೆದರು. ಮೇಲಿನವರ ಕೂದಲೂ ಕೊಂಕಲಿಲ್ಲ. ಆಕೆ ಕೇಳಿಕೊಂಡಂತೆ ಆ ಮಾತನ್ನು ನಾವು ಬರೆಯಲಿಲ್ಲ. ಬರೆದದ್ದು ನಮ್ಮ ಜಯದ ಸುದ್ದಿಯನ್ನು. ದುಡಿಯುವವರ ಪಕ್ಷವೆಂದು ಹೇಳಿಕೊಳ್ಳುವ ನಾವು ಅಂದು ದುಡಿಯುವವಳೊಬ್ಬಳ ಅನ್ನ ಕಿತ್ತೆವು.

ಆಕೆಯ ಭಯ ಆಕೆಯೊಬ್ಬಳದೇ ಅಲ್ಲ. ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯನ್ನು ನೆನೆಯಿರಿ. 2021ರ ಮೇ 2 ಮತ್ತು 3ರ ನಡುವೆ ಒಂದೇ ದಿನದ ಅವಧಿಯಲ್ಲಿ 24 ರೋಗಿಗಳು ಅಲ್ಲಿ ಪ್ರಾಣಬಿಟ್ಟರು. ಆಮ್ಲಜನಕದ ಕೊರತೆಯಿಂದ ಸತ್ತವರು ಮೂವರೇ ಎಂದು ಅಂದಿನ ಆರೋಗ್ಯ ಸಚಿವರು ಲೆಕ್ಕ ಕೊಟ್ಟರು. ಮೈಸೂರು ಮತ್ತು ಚಾಮರಾಜನಗರದ ಅಧಿಕಾರಿಗಳು ಬಹಿರಂಗವಾಗಿ ಒಬ್ಬರ ಮೇಲೊಬ್ಬರು ತಪ್ಪು ಹೊರಿಸಿದರು. ಬಳಿಕ ಹೈಕೋರ್ಟು ನೇಮಿಸಿದ ಸಮಿತಿ ಆಮ್ಲಜನಕದ ಕೊರತೆಯನ್ನೇ ಎತ್ತಿ ತೋರಿಸಿತು. ಉಸಿರು ಸಿಗದೆ ಒದ್ದಾಡುವವರ ಮಂಚದ ಬಳಿ ನಿಂತಿದ್ದವರು ಸಚಿವರಲ್ಲ, ಅಧಿಕಾರಿಗಳಲ್ಲ. ದಾದಿಯರು, ಕಿರಿಯ ವೈದ್ಯರು, ಡಿ ದರ್ಜೆಯ ನೌಕರರು. ನಾಯಕತ್ವವೆಂದರೆ ಹೊಣೆಯನ್ನು ಪಕ್ಕದ ಜಿಲ್ಲೆಗೆ ದಾಟಿಸುವ ಜಾಣತನವೇ?

ಇದು ಕನ್ನಡನಾಡಿನ ರೋಗ ಮಾತ್ರವಲ್ಲ. 2024ರ ಆಗಸ್ಟ್ 9ರಂದು ಕೋಲ್ಕತ್ತದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ, ದೀರ್ಘ ಪಾಳಿಯ ನಡುವೆ ಸೆಮಿನಾರ್ ಕೋಣೆಯಲ್ಲಿ ದಣಿವಾರಿಸಿಕೊಳ್ಳಲು ಹೋದ ತರಬೇತಿ ವೈದ್ಯೆಯ ಮೇಲೆ ಅತ್ಯಾಚಾರ ನಡೆಸಿ ಕೊಂದರು. ಆಗಸ್ಟ್ 12ರಂದು ಪ್ರಾಂಶುಪಾಲರು ರಾಜೀನಾಮೆ ಕೊಟ್ಟರು. ಅದೇ ದಿನ ಅವರಿಗೆ ಇನ್ನೊಂದು ವೈದ್ಯಕೀಯ ಕಾಲೇಜಿನ ಪ್ರಾಂಶುಪಾಲರ ಕುರ್ಚಿ ಸಿಕ್ಕಿತು! ರಜೆಯ ಮೇಲೆ ಹೋಗಿರೆಂದು ಮರುದಿನ ಹೈಕೋರ್ಟೇ ಹೇಳಬೇಕಾಯಿತು. ಕೆಳಗಿನವರಿಗೆ ಕಾರಣ ಕೇಳುವ ನೋಟೀಸು, ಮೇಲಿನವರಿಗೆ ಕುರ್ಚಿ! ಇದೆಂತಹ ನ್ಯಾಯ?

ಇನ್ನು ನಮ್ಮ ಆಶಾ ತಂಗಿಯರು. 2005ರಲ್ಲಿ ಆರಂಭವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಇವರನ್ನು ಸ್ವಯಂಸೇವಕಿಯರೆಂದು ಕರೆಯಿತು. ಸ್ವಯಂಸೇವಕಿ ಎಂದರೆ ಸಂಬಳ ಕೇಳುವ ಹಕ್ಕಿಲ್ಲದವಳು ಎಂದರ್ಥ. 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇವರನ್ನು ಗೌರವಿಸಿತು. ಆ ಪ್ರಶಸ್ತಿ ಆರೋಗ್ಯ ಕ್ಷೇತ್ರದ ನಾಯಕರಿಗೆ ಕೊಡುವಂಥದು. ಲೋಕ ನಾಯಕಿಯರೆಂದು ಕರೆದ ಈ ಹೆಣ್ಣುಮಕ್ಕಳು 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲು ರಾತ್ರಿ ಕೂತ ಮೇಲೆಯೇ ತಿಂಗಳಿಗೆ 10,000 ರೂಪಾಯಿ ಖಾತ್ರಿ ಎಂಬ ಮಾತು ಸರ್ಕಾರದ ಬಾಯಿಂದ ಹೊರಟಿತು. ಹೊಗಳಿಕೆ ಪುಕ್ಕಟೆ, ಕೂಲಿಗೆ ಮಾತ್ರ ಧರಣಿ!

ಭಯವಿಲ್ಲದಿದ್ದರೆ ಇವರು ಕೆಲಸ ಮಾಡುವುದಿಲ್ಲ ಎಂದು ಅಧಿಕಾರಸ್ಥರು ವಾದಿಸುತ್ತಾರೆ. ಲಂಚಕ್ಕೆ ಕೈಯೊಡ್ಡುವವರನ್ನು, ಕುಡಿದು ಪಾಳಿಗೆ ಬರುವವರನ್ನು ನಾವೂ ಕ್ಷಮಿಸುವುದಿಲ್ಲ; ಅವರಿಗೆ ಶಿಕ್ಷೆಯಾಗಲಿ. ಆದರೆ ಬೆತ್ತದ ಗುಣ ನಮಗೂ ಗೊತ್ತು. ಬೆತ್ತ ಹಿಡಿದ ಮೇಷ್ಟರ ಮುಂದೆ ಹುಡುಗ ಲೆಕ್ಕ ಕಲಿಯುವುದಿಲ್ಲ, ಸ್ಲೇಟಿನ ಮೇಲಿನ ತಪ್ಪನ್ನು ಅಂಗೈಯಿಂದ ಒರೆಸುತ್ತಾನೆ. ಸ್ಲೇಟಿನ ತಪ್ಪು ಅಳಿಸಿದರೆ ಹೋಗುವುದು ಒಂದು ಅಂಕ. ಆಸ್ಪತ್ರೆಯ ತಪ್ಪನ್ನು ಮುಚ್ಚಿಟ್ಟರೆ ಹೋಗುವುದು ಮುಂದಿನ ರೋಗಿಯ ಜೀವ. ಔಷಧ ಮುಗಿದಿದೆ, ಯಂತ್ರ ಕೆಟ್ಟಿದೆ, ನನ್ನಿಂದ ತಪ್ಪಾಯಿತು ಎಂದು ಧೈರ್ಯವಾಗಿ ಹೇಳಬಲ್ಲವರಿದ್ದ ಕಡೆ ಮಾತ್ರ ರೋಗಿ ಸುರಕ್ಷಿತ. ತನ್ನ ನೌಕರಿ ಉಳಿದೀತೇ ಎಂದು ಎಣಿಸುತ್ತಿರುವವಳ ಮನಸ್ಸಿನಲ್ಲಿ ಪರರ ನೋವಿಗೆ ಜಾಗ ಎಲ್ಲಿಯದು?

ಆದ್ದರಿಂದ ನಮ್ಮ ಒತ್ತಾಯಗಳು ಇವು. ವರ್ಷವಿಡೀ ಇರುವ ಕೆಲಸಕ್ಕೆ ಗುತ್ತಿಗೆ ಪದ್ಧತಿ ನಿಲ್ಲಲಿ. ಕೊರತೆಯನ್ನು ಬರೆದು ತಿಳಿಸಿದವರಿಗೆ ಶಿಕ್ಷೆ ಕೂಡದು. ಆ ಕಾಗದವನ್ನು ಓದಿಯೂ ಸುಮ್ಮನಿದ್ದ ಅಧಿಕಾರಿಯೇ ಉತ್ತರ ಹೇಳಲಿ. ಆರೋಗ್ಯ ರಕ್ಷಾ ಸಮಿತಿಗಳಲ್ಲಿ ದಾದಿಯರು, ಡಿ ದರ್ಜೆ ನೌಕರರು, ಆಶಾ ಕಾರ್ಯಕರ್ತೆಯರು ತಾವೇ ಚುನಾಯಿಸಿದ ಪ್ರತಿನಿಧಿಗಳು ಕೂರಲಿ. ಆಸ್ಪತ್ರೆಯ ಮುಖ್ಯಸ್ಥರು ತಿಂಗಳಿಗೊಂದು ರಾತ್ರಿಯಾದರೂ ವಾರ್ಡಿನಲ್ಲಿ ಕಳೆಯಲಿ. ನಮ್ಮ ಕಾರ್ಯಕರ್ತರಿಗೂ ಒಂದು ಮಾತು: ಇನ್ನು ಮುಂದೆ ಆಸ್ಪತ್ರೆಗೆ ಬಾವುಟ ಹಿಡಿದು ಹೋದರೆ, ರಾತ್ರಿ ಪಾಳಿಯ ದಾದಿಯ ಮುಂದೆ ನಿಲ್ಲಬೇಡಿರಿ, ಆಕೆಯ ಪಕ್ಕದಲ್ಲಿ ನಿಲ್ಲಿರಿ.

ನಮ್ಮ ಡಾ. ಲೋಹಿಯಾ ಕೊನೆಯುಸಿರೆಳೆದದ್ದು 1967ರ ಅಕ್ಟೋಬರ್ 12ರಂದು, ದೆಹಲಿಯ ವಿಲಿಂಗ್ಡನ್ ಆಸ್ಪತ್ರೆಯಲ್ಲಿ, ಶಸ್ತ್ರಚಿಕಿತ್ಸೆಯ ಬಳಿಕ ಚೇತರಿಸಿಕೊಳ್ಳದೆ. ಆ ಆಸ್ಪತ್ರೆಗೆ ಇಂದು ಅವರದೇ ಹೆಸರಿದೆ. ಹಲಗೆಯ ಮೇಲೆ ಹೆಸರು ಬರೆಸುವುದು ಸರ್ಕಾರಗಳಿಗೆ ಸುಲಭ. ಒಳಗೆ ದುಡಿಯುವವರ ಎದೆಯಿಂದ ಭಯವನ್ನು ತೆಗೆಯುವುದು ಕಷ್ಟ. ಆ ಕಷ್ಟದ ಕೆಲಸವೇ ನಮ್ಮದು.