ತೋಳಿನ ಸುತ್ತಳತೆಯೂ ಸ್ನಾಯುವಿನ ಶಕ್ತಿಯೂ

ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನ ಹೆಸರು ಇಂದು ಹೆಲಿಕಾಪ್ಟರುಗಳ ದೆಸೆಯಿಂದ ನಾಡಿಗೆಲ್ಲ ಪರಿಚಿತವಾಗಿದೆ. ಹಿಂದೂಸ್ಥಾನ್ ಏರೋನಾಟಿಕ್ಸ್ ಸಂಸ್ಥೆಯ ಕಾರ್ಖಾನೆ 615 ಎಕರೆ ನೆಲದಲ್ಲಿ ತಲೆಯೆತ್ತಿ, 2023ರ ಫೆಬ್ರವರಿ 6ರಂದು ಅಲ್ಲಿ ಉದ್ಘಾಟನೆಗೊಂಡಿತು. ಆದರೆ ‘ಕಾವಲ್’ ಎಂಬ ಮಾತು ಎಂಜಿನ್ನಿಗಿಂತ ಬಹಳ ಹಳೆಯದು. ದನಗಳ ಮೇವಿಗೆಂದು ಕಾದಿರಿಸಿದ ಹುಲ್ಲುಗಾವಲಿಗೆ ನಮ್ಮ ಸೀಮೆಯಲ್ಲಿ ಆ ಹೆಸರು. ತುಮಕೂರು, ಹಾಸನ, ಚಿಕ್ಕಮಗಳೂರು, ಚಿತ್ರದುರ್ಗಗಳ ಕಡೆ ಇಂಥ ಅನೇಕ ಕಾವಲುಗಳು ಹಿಂದೆ ಅಮೃತಮಹಲ್ ಇಲಾಖೆಗೆ ಸೇರಿದ್ದವು. ಫಿರಂಗಿಯನ್ನೂ ಸೈನ್ಯದ ಸಾಮಾನನ್ನೂ ಎತ್ತಿನ ಸ್ನಾಯುಗಳೇ ಎಳೆಯುತ್ತಿದ್ದ ಕಾಲವದು.

ಚಿಕ್ಕದೇವರಾಜ ಒಡೆಯರ ಕಾಲದ ‘ಬೆಣ್ಣೆ ಚಾವಡಿ’ಯನ್ನೇ ಟಿಪ್ಪು ಸುಲ್ತಾನನು ‘ಅಮೃತಮಹಲ್’ ಎಂದು ಕರೆದನು. ಹೈದರಾಲಿಯು ಈ ಎತ್ತುಗಳ ಬಲದಿಂದ ಎರಡೂವರೆ ದಿನಗಳಲ್ಲಿ 100 ಮೈಲಿ ಸಾಗಿದನೆಂದು ಹಳೆಯ ಮೈಸೂರು ಗೆಜೆಟಿಯರು ಹೇಳುತ್ತದೆ. ಅಂಥ ಎತ್ತು ನೋಡಲು ಹೇಗಿದೆ? ಉದ್ದ ಮುಖ, ಹಿಂದಕ್ಕೆ ಬಾಗಿದ ಚೂಪು ಕೊಂಬು, ಬಿಗಿಯಾದ ಮೈ, ಸಪೂರವಾದ ಕಾಲು. ಮಾಂಸದ ರಾಶಿ ಅದರಲ್ಲಿ ಎಲ್ಲಿಯೂ ಕಾಣದು.

ಈ ಎತ್ತನ್ನು ನಾವಿಲ್ಲಿ ನೆನೆಯಲು ಕಾರಣವುಂಟು. ನಮ್ಮ ತರುಣರಲ್ಲಿ ಅನೇಕರು ಸ್ನಾಯುವನ್ನು ಟೇಪಿನಿಂದಲೂ ಕನ್ನಡಿಯಿಂದಲೂ ಅಳೆಯುತ್ತಾರೆ. ತೋಳು ಒಂದಂಗುಲ ದಪ್ಪವಾದರೆ ಹಿಗ್ಗು, ಆಗದಿದ್ದರೆ ಡಬ್ಬಿಯಲ್ಲಿ ಮಾರುವ ಪುಡಿಯ ಮೊರೆ! ಈ ಅಳತೆ ಅರೆಸತ್ಯವೆಂಬುದು ನಮ್ಮ ಅಭಿಪ್ರಾಯ.

ಸ್ನಾಯುವೆಂದರೆ ತಂತುಗಳ ಕಟ್ಟು. ಒಂದೊಂದು ತಂತುವಿನೊಳಗೂ ಅದಕ್ಕಿಂತ ಸಣ್ಣ ಎಳೆಗಳಿವೆ. ಆ ಎಳೆಗಳ ಉದ್ದಕ್ಕೂ ಸಾರ್ಕೋಮಿಯರ್ ಎಂಬ ಪುಟ್ಟ ಅಂಕಣಗಳು ಸಾಲುಗೂಡಿವೆ. ಒಂದು ಅಂಕಣದ ಉದ್ದ ಮಿಲಿಮೀಟರಿನ ಸುಮಾರು 400ನೆಯ ಒಂದು ಪಾಲು. ಅದರಲ್ಲಿ ಮಯೋಸಿನ್ ಎಂಬ ದಪ್ಪ ದಾರಗಳೂ ಆಕ್ಟಿನ್ ಎಂಬ ತೆಳು ದಾರಗಳೂ ಒಂದರೊಳಗೊಂದು ಸೇರಿಕೊಂಡಿವೆ. ಸ್ನಾಯು ಕುಗ್ಗುವಾಗ ಈ ದಾರಗಳು ಗಿಡ್ಡವಾಗುವುದಿಲ್ಲ. ಒಂದರ ಪಕ್ಕ ಒಂದು ಜಾರುತ್ತವೆ. ಇದನ್ನು 1954ರಲ್ಲಿ ಒಂದೇ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಎರಡು ತಂಡಗಳು ಪ್ರಕಟಿಸಿದವು. ಒಂದರಲ್ಲಿ ಹ್ಯೂ ಹಕ್ಸ್ಲಿ ಮತ್ತು ಜೀನ್ ಹ್ಯಾನ್ಸನ್, ಇನ್ನೊಂದರಲ್ಲಿ ಆಂಡ್ರ್ಯೂ ಹಕ್ಸ್ಲಿ ಮತ್ತು ನೀಡರ್‌ಗರ್ಕೆ. (ಇಬ್ಬರು ಹಕ್ಸ್ಲಿಗಳೂ ಬಂಧುಗಳಲ್ಲವೆಂಬುದು ಒಂದು ತಮಾಷೆ.) ನರದ ಸಂದೇಶ ಬಂದೊಡನೆ ತಂತುವಿನೊಳಗೆ ಕ್ಯಾಲ್ಸಿಯಮ್ ಹೊರಬೀಳುತ್ತದೆ, ಮಯೋಸಿನ್ನಿನ ತಲೆಗಳು ಆಕ್ಟಿನ್ನನ್ನು ಹಿಡಿದೆಳೆಯುತ್ತವೆ. ಹಿಡಿತ ಬಿಡಬೇಕಾದರೂ ಎ.ಟಿ.ಪಿ. ಎಂಬ ಇಂಧನ ಬೇಕು. ಸತ್ತ ದೇಹ ಸೆಟೆದುಕೊಳ್ಳುವುದು ಆ ಇಂಧನ ಮುಗಿದು ಹಿಡಿತ ಸಡಿಲವಾಗದೆ ಉಳಿಯುವುದರಿಂದ.

ಇಂಥ ದಾರಗಳು ಅಕ್ಕಪಕ್ಕದಲ್ಲಿ ಹೆಚ್ಚು ಇದ್ದಷ್ಟೂ ಎಳೆತದ ಬಲ ಹೆಚ್ಚು. ಆದ್ದರಿಂದ ಗರಡಿಮನೆಯ ಪೈಲ್ವಾನನ ದಪ್ಪ ತೋಳು ಸುಳ್ಳಲ್ಲ. ಗದೆಯನ್ನೆತ್ತಲು ಅದು ಬೇಕೇ ಬೇಕು. ಆದರೆ ಎತ್ತುವುದು ಒಂದು ಕೆಲಸ, ಹೊತ್ತು ನಡೆಯುವುದು ಇನ್ನೊಂದು. ಸ್ನಾಯುವಿನಲ್ಲಿ ಬೇಗ ಕುಗ್ಗಿ ಬೇಗ ದಣಿಯುವ ತಂತುಗಳಿವೆ, ನಿಧಾನವಾಗಿ ಕುಗ್ಗಿ ಬಹುಕಾಲ ದುಡಿಯುವ ತಂತುಗಳೂ ಇವೆ. ಎರಡನೆಯವು ಕೆಂಪು, ಅವುಗಳಲ್ಲಿ ಆಮ್ಲಜನಕವನ್ನು ಹಿಡಿದಿಡುವ ಮಯೋಗ್ಲೋಬಿನ್ ಹೆಚ್ಚು, ಎ.ಟಿ.ಪಿ. ತಯಾರಿಸುವ ಮೈಟೊಕಾಂಡ್ರಿಯಗಳು ಹೆಚ್ಚು, ಸುತ್ತಲೂ ಲೋಮನಾಳಗಳ ಬಲೆ ದಟ್ಟ. ದೂರದ ಓಟಗಾರರ ಕಾಲಿನಲ್ಲಿ ಸಾಮಾನ್ಯವಾಗಿ ಇಂಥವೇ ಬಹುಪಾಲು. ಪ್ರತಿದಿನದ ನಡಿಗೆ, ಓಟ, ಸೈಕಲ್ ಸವಾರಿಗಳಿಂದ ಮೈಟೊಕಾಂಡ್ರಿಯಗಳೂ ಲೋಮನಾಳಗಳೂ ಹೆಚ್ಚುತ್ತವೆ. ಅದು ಕನ್ನಡಿಗೆ ಕಾಣದ ಸಂಪತ್ತು. ಭಾರ ಎತ್ತಲು ತೊಡಗಿದ ಮೊದಲ ವಾರಗಳಲ್ಲಿ ಹೆಚ್ಚುವ ಬಲವೂ ಬಹುಮಟ್ಟಿಗೆ ನರಗಳು ತಂತುಗಳನ್ನು ಚೆನ್ನಾಗಿ ಕರೆಯಲು ಕಲಿತದ್ದರ ಫಲ. ಟೇಪು ಆಗ ಏನನ್ನೂ ಹೇಳದು.

ದೇಹದ ತೂಕದಲ್ಲಿ ಸುಮಾರು 40 ಪಾಲು ಅಸ್ಥಿಸ್ನಾಯುವೇ. ಊಟದ ನಂತರ ರಕ್ತಕ್ಕೆ ಬರುವ ಸಕ್ಕರೆಯ ದೊಡ್ಡ ಗಿರಾಕಿಯೂ ಅದೇ. ದುಡಿಯುವ ಸ್ನಾಯು ಇನ್ಸುಲಿನ್ನಿನ ನೆರವು ಕಡಮೆಯಿದ್ದರೂ ಸಕ್ಕರೆಯನ್ನು ಒಳಕ್ಕೆ ಎಳೆದುಕೊಳ್ಳಬಲ್ಲದು. ಸಿಹಿಮೂತ್ರ ರೋಗ ಮನೆಮನೆಯ ಮಾತಾಗಿರುವ ನಮ್ಮ ನಾಡಿನಲ್ಲಿ, ಬೆಳಗಿನಿಂದ ಸಂಜೆಯವರೆಗೆ ಬೆಂಚಿನ ಮೇಲೆ ಕೂರಿಸುವ ಶಾಲೆಯೂ, ಪರೀಕ್ಷೆ ಹತ್ತಿರವಾದೊಡನೆ ಆಟದ ಪೀರಿಯಡ್ಡನ್ನು ಗಣಿತಕ್ಕೆ ಕೊಟ್ಟುಬಿಡುವ ಪದ್ಧತಿಯೂ ನಮಗೆ ಸರಿತೋರುವುದಿಲ್ಲ. ಪಾಠದಲ್ಲಿ ಅಸ್ಥಿಸ್ನಾಯು, ನುಣುಪುಸ್ನಾಯು, ಹೃದಯಸ್ನಾಯುಗಳ ಮೂರು ಚಿತ್ರ ಬರೆಸಿ ಅಂಕ ಕೊಟ್ಟರೆ ತೀರಿತೇ? ದಿನಕ್ಕೆ ಸುಮಾರು ಒಂದು ಲಕ್ಷ ಸಲ ಮಿಡಿಯುವ ಹೃದಯಸ್ನಾಯುವಿನ ದಪ್ಪವನ್ನು ಯಾರೂ ಕನ್ನಡಿಯಲ್ಲಿ ನೋಡಿ ಹೆಮ್ಮೆಪಟ್ಟದ್ದಿಲ್ಲ.

ಇದಕ್ಕೆ ಪ್ರಯೋಗಶಾಲೆಯೇ ಬೇಕೆಂದಿಲ್ಲ. ಒಂದು ಕೈಯನ್ನು ತಲೆಯ ಮೇಲಕ್ಕೆ ನೆಟ್ಟಗೆ ಎತ್ತಿ, ಮುಷ್ಟಿಯನ್ನು ಬೇಗಬೇಗನೆ ಬಿಗಿದು ಬಿಚ್ಚಿರಿ; ಸೋತು ನಿಲ್ಲುವವರೆಗೆ ಎಣಿಸಿರಿ. ಚೆನ್ನಾಗಿ ದಣಿವಾರಿಸಿಕೊಂಡು, ಅದೇ ಕೈಯನ್ನು ಕೆಳಗೆ ಇಳಿಬಿಟ್ಟು ಮತ್ತೆ ಎಣಿಸಿರಿ. ಸ್ನಾಯು ಅದೇ, ದಪ್ಪವೂ ಅದೇ. ಬದಲಾದುದು ರಕ್ತದ ಹರಿವು ಮಾತ್ರ. ಎರಡು ಎಣಿಕೆಗಳನ್ನೂ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ.