ಬಿರುದು ಕೊಟ್ಟೋರು ಯಾರು ಸ್ವಾಮಿ?

ಬೈಜಾಂಟಿಯಂ ಚಕ್ರವರ್ತಿ ಎರಡನೇ ಬೇಸಿಲ್ ಅಂದ್ರೆ ನಮ್ಮ ವಯಸ್ಸಿನ ಇತಿಹಾಸಪ್ರಿಯರಿಗೆ ಸಿನಿಮಾ ಹೀರೋ ಇದ್ದ ಹಾಗೆ. ಕಂಪ್ಯೂಟರ್ ಗೇಮ್ ಆಡೋರಿಗೆ, ಯೂಟ್ಯೂಬ್‌ನಲ್ಲಿ ಯುದ್ಧದ ವಿಡಿಯೋ ನೋಡೋರಿಗೆ ಅವನ ಬಿರುದು ಬಾಯಿಪಾಠ: 'ಬಲ್ಗೇರಿಯನ್ನರ ಸಂಹಾರಕ'. ಕಥೆಯೂ ಬಾಯಿಪಾಠವೇ. 1014ರ ಜುಲೈ 29, ಬೆಲಸಿತ್ಸಾ ಬೆಟ್ಟದ ಬುಡದ ಕ್ಲೈಡಿಯನ್ ಕಣಿವೆ. ಬಲ್ಗೇರಿಯಾದ ದೊರೆ ಸಾಮುಯಿಲ್ ತಡೆಗೋಡೆ ಕಟ್ಟಿಸಿ ದಾರಿ ಮುಚ್ಚಿದ್ದ. ಎದುರಿಂದ ನುಗ್ಗೋಕೆ ಆಗಲಿಲ್ಲ. ನಿಕೆಫೊರಸ್ ಕ್ಸಿಫಿಯಾಸ್ ಅನ್ನೋ ಸೇನಾನಿ ಬೆಟ್ಟ ಸುತ್ತಿ ಬಂದು ಹಿಂದಿನಿಂದ ಮೇಲೆ ಬಿದ್ದ. ಸೆರೆ ಸಿಕ್ಕ 15,000 ಜನರ ಕಣ್ಣು ಕೀಳಿಸಿ, ನೂರು ಜನಕ್ಕೆ ಒಬ್ಬ ಒಕ್ಕಣ್ಣನನ್ನು ದಾರಿ ತೋರಿಸೋಕೆ ಬಿಟ್ಟು, ಬೇಸಿಲ್ ಅವರನ್ನು ವಾಪಸ್ ಕಳಿಸಿದ. ಆ ಸಾಲು ನೋಡಿದ ಸಾಮುಯಿಲ್ ಕುಸಿದು ಬಿದ್ದ, ಅಕ್ಟೋಬರ್ 6ಕ್ಕೆ ಸತ್ತ.

ಕಥೆಯನ್ನು ಇಲ್ಲಿಗೇ ನಿಲ್ಲಿಸಿ, "ಲೀಡರ್ ಅಂದ್ರೆ ಹಿಂಗಿರ್ಬೇಕು ಮಗಾ, ಒಂದೇ ಏಟಿಗೆ ಮುಗಿಸ್ಬೇಕು" ಅಂತಾರಲ್ಲ, ನನ್ನ ತಕರಾರು ಇರೋದು ಅಲ್ಲಿ.

ಯಾಕಂದ್ರೆ ಏನೂ ಮುಗೀಲಿಲ್ಲ. ಅದಾದ ಸ್ವಲ್ಪ ದಿನಕ್ಕೇ ಬೇಸಿಲನ ಸೇನಾನಿ ಥಿಯೋಫಿಲಾಕ್ಟ್ ಬೊಟನಿಯಾಟಿಸ್ ಬೆಟ್ಟದ ಇಕ್ಕಟ್ಟಿನಲ್ಲಿ ಹೊಂಚಿಗೆ ಸಿಕ್ಕಿ ಸತ್ತ. ಯುದ್ಧ 1018ರವರೆಗೂ ಎಳೀತು. 15,000 ಕಟ್ಟಾಳುಗಳನ್ನು ಒಂದೇ ಸಲ ಕಳ್ಕೊಂಡ ರಾಜ್ಯ ಮತ್ತೆ ನಾಲ್ಕು ವರ್ಷ ಹೋರಾಡತ್ತಾ? ಆ ಸಂಖ್ಯೆ ಕೊಟ್ಟ ಸ್ಕಿಲಿಟ್ಸಿಸ್ ಅದನ್ನು ಬರೆದದ್ದು ಹಲವು ದಶಕಗಳಾದ ಮೇಲೆ. ಕೆಕಾವ್ಮೆನೋಸ್ 14,000 ಅಂತಾನೆ. ಕಣ್ಣು ಕೀಳಿಸಿದ್ದೇ ಸುಳ್ಳು ಅಂತ ನಾನು ಹೇಳ್ತಿಲ್ಲ. ನೂರು ಜನಕ್ಕೆ ಮಾಡಿದ್ರೂ ಅದು ಕ್ರೌರ್ಯವೇ. ಆದರೆ ಆ ಕ್ರೌರ್ಯದಿಂದಲೇ ಯುದ್ಧ ಗೆದ್ದ ಅನ್ನೋ ಲೆಕ್ಕ ಕೂಡಲ್ಲ. ಸಾಮುಯಿಲನ ಮಗನನ್ನು 1015ರಲ್ಲಿ ದಾಯಾದಿ ಇವಾನ್ ವ್ಲಾದಿಸ್ಲಾವನೇ ಕೊಂದ. 1018ರಲ್ಲಿ ಅವನೂ ಡಿರ್ರಾಕಿಯಂ ಕೋಟೆ ಮುಂದೆ ಸತ್ತ. ಆಮೇಲೆ ಬಲ್ಗೇರಿಯಾದ ಸರದಾರರು ಒಬ್ಬೊಬ್ಬರಾಗಿ ಬಂದು ಶರಣಾದರು. ಬೇಸಿಲ್ ಅವರಿಗೆ ಪದವಿ ಕೊಟ್ಟು ಇಟ್ಕೊಂಡ.

ಇನ್ನು ಆ ಬಿರುದು. ಬೇಸಿಲ್ ಸತ್ತದ್ದು 1025ರಲ್ಲಿ. 'ಸಂಹಾರಕ' ಅನ್ನೋ ಹೆಸರು ಬಳಕೆಗೆ ಬಂದದ್ದು 12ನೇ ಶತಮಾನದ ಕೊನೆಗೆ, ಬಲ್ಗೇರಿಯನ್ನರು ಮತ್ತೆ ದಂಗೆ ಎದ್ದಾಗ ಅಂತ ಇತಿಹಾಸಕಾರ ಪಾಲ್ ಸ್ಟೀಫನ್‌ಸನ್ ತೋರಿಸಿದ್ದಾರೆ. ಆಗಿನವರಿಗೆ ಒಬ್ಬ ಸಂಹಾರಕ ಬೇಕಾಗಿತ್ತು, ಹಳೇ ರಾಜನಿಗೆ ವೇಷ ಹಾಕಿದರು. 20ನೇ ಶತಮಾನದಲ್ಲಿ ಮ್ಯಾಸಿಡೋನಿಯಾಕ್ಕಾಗಿ ಗ್ರೀಕರೂ ಬಲ್ಗೇರಿಯನ್ನರೂ ಕಚ್ಚಾಡುವಾಗ ಅದೇ ವೇಷಕ್ಕೆ ಮತ್ತೆ ಬಣ್ಣ ಬಳಿದರು. ಪೆನೆಲೋಪಿ ಡೆಲ್ಟಾ ಅವರ 'ಬಲ್ಗೇರಿಯನ್ನರ ಸಂಹಾರಕನ ಕಾಲದಲ್ಲಿ' ಕಾದಂಬರಿ ಬಂದದ್ದು 1911ರಲ್ಲಿ. 1913ರಲ್ಲಿ ಎರಡೂ ದೇಶ ಯುದ್ಧಕ್ಕಿಳಿದವು.

ವಿಡಿಯೋದಲ್ಲಿ ಬರದ ಬೇಸಿಲ್ ಬೇರೆ ಇದ್ದಾನೆ. ಗೆದ್ದ ಮೇಲೆ ಅವನು ಸಾಮುಯಿಲನ ಕಾಲದ ಕಂದಾಯವನ್ನೇ ಮುಂದುವರಿಸಿದ. ಒಂದು ಜೊತೆ ಎತ್ತಿದ್ದವನು ಒಂದು ಅಳತೆ ಗೋಧಿ, ಒಂದು ಅಳತೆ ಸಿರಿಧಾನ್ಯ, ಒಂದು ಗಡಿಗೆ ವೈನ್ ಕೊಟ್ರೆ ಸಾಕು. ದುಡ್ಡು ಕೇಳಲಿಲ್ಲ. ಓಹ್ರಿಡ್‌ನ ಚರ್ಚಿಗೆ ಬಲ್ಗೇರಿಯನ್ನನೇ ಮುಖ್ಯಸ್ಥನಾಗಿ ಉಳಿದ. ಹಳ್ಳಿಯಲ್ಲಿ ಬೆಳೆದ ನನ್ನಂಥೋರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ. ಸುಗ್ಗಿ ಹೊತ್ತಲ್ಲಿ ಕಣದಲ್ಲಿ ಕಾಳಿರತ್ತೆ, ಕೈಯಲ್ಲಿ ಕಾಸಿರಲ್ಲ. ಕಾಸೇ ಬೇಕು ಅಂದ್ರೆ ಮಂಡಿಯವನು ಹೇಳಿದ ರೇಟಿಗೆ ಮಾರಬೇಕು. ಮುಂದೆ ನಾಲ್ಕನೇ ಮೈಕೇಲನ ಆಡಳಿತ ಅದೇ ಕೆಲಸ ಮಾಡ್ತು, ಕಂದಾಯ ನಾಣ್ಯದಲ್ಲೇ ಕೊಡಿ ಅಂತು. 1040ರಲ್ಲಿ ಸಾಮುಯಿಲನ ಮೊಮ್ಮಗ ಅಂತ ಹೇಳ್ಕೊಂಡ ಪೀಟರ್ ಡೆಲಿಯನ್ ಹಿಂದೆ ಬಲ್ಗೇರಿಯಾ ದಂಗೆ ಎದ್ದಿತು. ಕಣ್ಣು ಕಿತ್ತ ಮೇಲೂ ನಾಲ್ಕು ವರ್ಷ ಯುದ್ಧ. ಕಾಳಲ್ಲಿ ಕಂದಾಯ ತಗೊಂಡಷ್ಟು ಕಾಲ ದೊಡ್ಡ ದಂಗೆ ಇಲ್ಲ. ಇದರಲ್ಲಿ ದಕ್ಷತೆ ಯಾವುದು, ನೀವೇ ಹೇಳಿ.

ಅಂದಹಾಗೆ, 1057ರಲ್ಲಿ ಕಾನ್‌ಸ್ಟಾಂಟಿನೋಪಲ್‌ನ ಸಾಮ್ರಾಜ್ಞಿ ಆದ ಕ್ಯಾಥರೀನ್ ಯಾರ ಮಗಳು ಗೊತ್ತಾ? ಅದೇ ಇವಾನ್ ವ್ಲಾದಿಸ್ಲಾವನ ಮಗಳು. 'ಸಂಹಾರ'ವಾದವರ ಮನೆಮಗಳು ಸಿಂಹಾಸನದ ಪಕ್ಕ ಕೂತಳು.

ಇನ್ನೊಮ್ಮೆ ಯಾರಾದ್ರೂ ಇಂಥ ಬಿರುದು ಹಿಡಿದು ಎದೆ ತಟ್ಟಿಕೊಂಡ್ರೆ, ಯಾವಾಗ ಕೊಟ್ಟಿದ್ದು, ಯಾವ ಜಗಳಕ್ಕೆ ಬೇಕಾಗಿತ್ತು ಅಂತ ಕೇಳಿ. ಆಮೇಲೆ ಕಂದಾಯದ ಲೆಕ್ಕ ಕೇಳಿ.