ಮಣಿಕಟ್ಟಿನ ಮೂಳೆಯೂ ಬಾವಿಯ ನೀರೂ

ಆಗ ತಾನೆ ಹುಟ್ಟಿದ ಕೂಸಿನ ಮಣಿಕಟ್ಟಿನಲ್ಲಿ ಗಟ್ಟಿಯಾದ ಮೂಳೆ ಒಂದೂ ಇರುವುದಿಲ್ಲವೆಂದರೆ ವಾಚಕರಿಗೆ ಆಶ್ಚರ್ಯವಾಗಬಹುದು. ದೊಡ್ಡವರಲ್ಲಿ ಅಲ್ಲಿ ಎಂಟು ಚಿಕ್ಕ ಮೂಳೆಗಳಿವೆ. ಕೂಸಿನಲ್ಲಿ ಅವೆಲ್ಲವೂ ಮೃದ್ವಸ್ಥಿಯ ಗಂಟುಗಳು. ಎರಡು ಮೂರು ತಿಂಗಳಾಗುವ ವೇಳೆಗೆ ಮೊದಲ ಎರಡರಲ್ಲಿ ಸುಣ್ಣ ಕಟ್ಟತೊಡಗುತ್ತದೆ. ಕೊನೆಯದರ ಸರದಿ ಬರುವ ಹೊತ್ತಿಗೆ ಮಗುವಿಗೆ ಹತ್ತು ಹನ್ನೆರಡು ವರ್ಷಗಳಾಗಿರುತ್ತವೆ. ಮುಂಗೈಯ ಎರಡು ಉದ್ದ ಮೂಳೆಗಳ ತುದಿಗಳಂತೂ ಹದಿನಾರು ಹದಿನೇಳನೆಯ ವಯಸ್ಸಿನವರೆಗೂ ಬೆಳೆಯುತ್ತಲೇ ಇರುತ್ತವೆ. ದೇಹಕ್ಕೆ ದೊರೆತ ನೀರು, ಅನ್ನ, ಬಿಸಿಲುಗಳ ಲೆಕ್ಕವೆಲ್ಲ ಇಲ್ಲಿ ಬರೆದಂತೆ ಉಳಿಯುತ್ತದೆ. ಆದುದರಿಂದಲೇ ಬೆಳೆಯುವ ಮಗುವಿನ ಮೂಳೆಯಲ್ಲಿ ದೋಷವಿದೆಯೆಂಬ ಸಂಶಯ ಬಂದಾಗ ವೈದ್ಯರು ಮಣಿಕಟ್ಟಿನ ಕ್ಷ-ಕಿರಣ ಚಿತ್ರವನ್ನು ತೆಗೆಸುತ್ತಾರೆ.

ಮೂಳೆಯ ಬೆಳೆಯುವ ತುದಿಯಲ್ಲಿ ಸುಣ್ಣದ ಅಂಶ ಸರಿಯಾಗಿ ನೆಲೆಗೊಳ್ಳದಿದ್ದರೆ ಆ ತುದಿ ಮೆತ್ತಗಾಗಿ, ಅಗಲವಾಗಿ, ಬಟ್ಟಲಿನಂತೆ ಕುಳಿಬೀಳುತ್ತದೆ. ಹೊರಗಿನಿಂದ ನೋಡಿದರೆ ಮಣಿಕಟ್ಟು ದಪ್ಪನಾಗಿ ಕಾಣುತ್ತದೆ. ಇದೇ ರಿಕೆಟ್ಸ್ ರೋಗ. ನಮ್ಮ ಹಳ್ಳಿಗಳಲ್ಲಿ ಇದನ್ನು ಉಳುಕೆಂದು ಬಗೆದು ಎಣ್ಣೆ ನೀವುವುದೂ ಕಟ್ಟು ಕಟ್ಟುವುದೂ ಉಂಟು. ಮಣಿಕಟ್ಟಿನ ನೋವೆಲ್ಲವೂ ರಿಕೆಟ್ಸ್ ಅಲ್ಲ, ನಿಜ. ಪೆಟ್ಟು ಬಿದ್ದಿರಬಹುದು, ಮೂಳೆಯ ಕ್ಷಯವಿರಬಹುದು, 1910ರಲ್ಲಿ ವಿಯೆನ್ನಾದ ಕೀನ್‌ಬಾಕ್ ವರ್ಣಿಸಿದಂತೆ, ರಕ್ತದ ಪೂರೈಕೆ ತಪ್ಪಿ ಒಂದು ಚಿಕ್ಕ ಮೂಳೆ ಸೊರಗುತ್ತಿರಬಹುದು. ಆದರೆ ಎರಡು ಕೈಗಳ ಮಣಿಕಟ್ಟುಗಳೂ ದಪ್ಪಗಾಗಿ, ಜೊತೆಗೆ ಮೊಣಕಾಲುಗಳು ಒಂದಕ್ಕೊಂದು ತಗಲುತ್ತಿದ್ದರೆ, ದೋಷ ಕೈಯಲ್ಲಿಲ್ಲ, ಇಡೀ ದೇಹದ ಪೋಷಣೆಯಲ್ಲಿದೆ ಎಂದು ತಿಳಿಯಬೇಕು.

ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ವಿಷಯದಲ್ಲಿ ಈ ಮಾತಿಗೆ ವಿಶೇಷವಾದ ಅರ್ಥವಿದೆ. ಇದು ಕಲ್ಲಿನ ಸೀಮೆ. ರಾಮನಗರದ ಕಡೆಯಿಂದ ಉತ್ತರಕ್ಕೆ ಹಬ್ಬಿರುವ ಗ್ರಾನೈಟಿನ ಪಟ್ಟಿಯೊಂದು ಈ ಭಾಗದಲ್ಲಿ ಹಾದುಹೋಗುತ್ತದೆ. ಇಂಥ ಕಲ್ಲುಗಳಲ್ಲಿ ಫ್ಲೋರೈಡ್ ಇರುವ ಖನಿಜಗಳುಂಟು. ಕಲ್ಲಿನ ಬಿರುಕುಗಳಲ್ಲಿ ಬಹುಕಾಲ ನಿಂತ ನೀರು ಅದನ್ನು ಕರಗಿಸಿಕೊಳ್ಳುತ್ತದೆ. ಕೆರೆ ಬತ್ತಿ, ತೆರೆದ ಬಾವಿ ಬತ್ತಿ, ಜನರು ಕೊಳವೆ ಬಾವಿಯನ್ನು ಆಳಕ್ಕೆ ಇಳಿಸಿದಂತೆಲ್ಲ ಆ ನೀರೇ ಮೇಲಕ್ಕೆ ಬಂದಿತು. ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಇರಬಹುದು. ಬೇರೆ ನೀರಿಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಸಹಿಸಬಹುದು. ಇದು ಭಾರತೀಯ ಮಾನಕ. ಈ ತಾಲ್ಲೂಕುಗಳ ಅನೇಕ ಗ್ರಾಮಗಳ ಕೊಳವೆ ಬಾವಿಗಳು ಆ ಗೆರೆಯನ್ನು ದಾಟಿವೆ.

ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ಹೊಟ್ಟೆಗೆ ಹೋದ ಮೇಲೆ ದೊಡ್ಡವರ ದೇಹ ಸುಮಾರು ಅರ್ಧವನ್ನು ಮೂತ್ರದಲ್ಲಿ ಹೊರಗೆ ಹಾಕುತ್ತದೆ. ಬೆಳೆಯುತ್ತಿರುವ ಮಗುವಿನ ಮೂಳೆ ಅದಕ್ಕಿಂತ ಹೆಚ್ಚು ಪಾಲನ್ನು ಹಿಡಿದಿಟ್ಟುಕೊಳ್ಳುತ್ತದೆ. ನಮ್ಮ ದೇಶದಲ್ಲಿ ಈ ರೋಗವನ್ನು ಮೊದಲು ಗುರುತಿಸಿ ಪ್ರಕಟಿಸಿದ್ದು 1937ರಲ್ಲಿ, ಆಗಿನ ಮದರಾಸು ಪ್ರಾಂತದ ನೆಲ್ಲೂರು ಜಿಲ್ಲೆಯಲ್ಲಿ. ಬೆನ್ನು ಬಗ್ಗಿಸಲಾರದ ರೈತರನ್ನು ಅಂದಿನ ವೈದ್ಯರು ಕಂಡರು. 1973ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ಕೃಷ್ಣಮಾಚಾರಿ ಮತ್ತು ಕಮಲಾ ಕೃಷ್ಣಸ್ವಾಮಿಯವರು ಮತ್ತೊಂದು ರೂಪವನ್ನು ವರ್ಣಿಸಿದರು: ಫ್ಲೋರೈಡ್ ಪೀಡಿತ ಪ್ರದೇಶದ ಎಳೆಯರಲ್ಲಿ ಮೊಣಕಾಲು ಒಳಕ್ಕೆ ವಾಲುವುದು, ಜೊತೆಗೆ ಮೂಳೆ ಸವೆಯುವುದು. ಆಹಾರದಲ್ಲಿ ಸುಣ್ಣದ ಅಂಶ ಕಡಮೆಯಿರುವ ಮಕ್ಕಳಿಗೇ ಫ್ಲೋರೈಡಿನ ಏಟು ಹೆಚ್ಚೆಂಬುದು ಈಗ ನೆಲೆಗೊಂಡ ತಿಳಿವು. ಬಡವರ ಮಗುವಿಗೆ ಹೀಗೆ ನೀರಿನಿಂದಲೂ ತಟ್ಟೆಯಿಂದಲೂ ಎರಡು ಕಡೆಯ ಹೊಡೆತ ಬೀಳುತ್ತದೆ.

‘ನಮ್ಮಲ್ಲಿ ಬಿಸಿಲಿಗೆ ಬರವೇ? ರಿಕೆಟ್ಸ್ ಬಿಸಿಲಿಲ್ಲದ ದೇಶಗಳ ರೋಗವಲ್ಲವೇ?’ ಎಂದು ಕೆಲವರು ಕೇಳಬಹುದು. ಪಾವಗಡದ ತಿರುಮಣಿಯ ಬಯಲಿನಲ್ಲಿ ಬಿಸಿಲಿನಿಂದಲೇ 2,050 ಮೆಗಾವಾಟ್ ವಿದ್ಯುತ್ತನ್ನು ತೆಗೆಯುವ ಸ್ಥಾವರವಿದೆ. ಆದರೆ ಬಿಸಿಲು ಕೊಡುವ ‘ಡಿ’ ಜೀವಸತ್ತ್ವದ ಕೆಲಸವು ಆಹಾರದಲ್ಲಿರುವ ಸುಣ್ಣವನ್ನು ಕರುಳಿನಿಂದ ಹೀರಿಸುವುದು. ಆಹಾರದಲ್ಲಿ ಇಲ್ಲದ ಸುಣ್ಣವನ್ನು ಅದು ತರಲಾರದು. ಬಿಸಿಲು ಧಾರಾಳವಾಗಿರುವ ನೈಜೀರಿಯದ ಮಕ್ಕಳಲ್ಲಿ ರಿಕೆಟ್ಸ್ ಬರುವುದಕ್ಕೆ ಸುಣ್ಣದ ಕೊರತೆಯೇ ಮುಖ್ಯ ಕಾರಣವೆಂದೂ, ‘ಡಿ’ ಜೀವಸತ್ತ್ವವೊಂದನ್ನೇ ಕೊಡುವುದಕ್ಕಿಂತ ಸುಣ್ಣದ ಅಂಶವನ್ನು ಕೊಟ್ಟಾಗ ಗುಣ ಹೆಚ್ಚೆಂದೂ 1999ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು.

ಚಿಕಿತ್ಸೆ ಕಠಿಣವಲ್ಲ. ‘ಡಿ’ ಜೀವಸತ್ತ್ವವನ್ನು ಕನಿಷ್ಠ 90 ದಿನ, ಅದರೊಡನೆ ದಿನಕ್ಕೆ 500 ಮಿಲಿಗ್ರಾಂ ಕ್ಯಾಲ್ಸಿಯಂ: ಇದು 2016ರಲ್ಲಿ ಅಂತರರಾಷ್ಟ್ರೀಯ ತಜ್ಞರು ಒಮ್ಮತದಿಂದ ಸೂಚಿಸಿದ ಕ್ರಮ. ಪ್ರಮಾಣವನ್ನು ವೈದ್ಯರೇ ಗೊತ್ತುಮಾಡಬೇಕು. ಕೆಲವು ವಾರಗಳಲ್ಲೇ ಮಣಿಕಟ್ಟಿನ ಚಿತ್ರದಲ್ಲಿ ಸುಣ್ಣದ ಹೊಸ ಗೆರೆ ಮೂಡುವುದನ್ನು ಕಾಣಬಹುದು. ಎಳೆಯ ವಯಸ್ಸಿನಲ್ಲಾದರೆ ಸೊಟ್ಟಗಾದ ಕಾಲು ಕೂಡ ಬೆಳೆಯುತ್ತ ಬಹುಮಟ್ಟಿಗೆ ನೆಟ್ಟಗಾಗುತ್ತದೆ. ಮೂಳೆಯ ತುದಿ ಮುಚ್ಚಿದ ಮೇಲೆ ಉಳಿಯುವುದು ಶಸ್ತ್ರಕ್ರಿಯೆ ಮಾತ್ರ. ರೋಗ ಆರುವ ಮುನ್ನ ಶಸ್ತ್ರಕ್ರಿಯೆ ಮಾಡಿದರೆ ವಕ್ರತೆ ಮರಳಿ ಬರಬಹುದು. ಅದೇ ನೀರನ್ನು ಕುಡಿಯುತ್ತ ಮಾತ್ರೆ ನುಂಗಿದರಂತೂ ಒಂದು ಕೈಯಿಂದ ಕೊಟ್ಟು ಇನ್ನೊಂದರಿಂದ ಕಸಿದಂತೆ.

ಆದುದರಿಂದ ನಾವು ಹೇಳುವುದಿಷ್ಟು: ಈ ಸೀಮೆಯ ಮಕ್ಕಳ ಮೂಳೆಯ ಚಿಕಿತ್ಸೆ ಆಸ್ಪತ್ರೆಯಲ್ಲಲ್ಲ, ಶಾಲೆಯ ಅಡುಗೆಮನೆಯಲ್ಲಿ ಆರಂಭವಾಗಬೇಕು. ಹಳ್ಳಿಗಳಲ್ಲಿ ಶುದ್ಧ ನೀರಿನ ಘಟಕಗಳು ಬಂದಿವೆ. ಕ್ಯಾನಿನಲ್ಲಿ ತಂದ ನೀರನ್ನು ಜನ ಕುಡಿಯುತ್ತಾರೆ. ಆದರೆ ಅಡುಗೆಗೆ ಕೊಳವೆ ಬಾವಿಯ ನೀರನ್ನೇ ಬಳಸಿದರೆ ಏನು ಬಂತು? ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದು ಗಾಢವಾಗುತ್ತದೆ. ಮುದ್ದೆಯಂತೂ ಎಸರನ್ನೆಲ್ಲ ತನ್ನೊಳಗೇ ಇಟ್ಟುಕೊಳ್ಳುವ ಆಹಾರ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಉಂಟು. ಅಂಥ ಧಾನ್ಯವನ್ನು ಕೆಟ್ಟ ನೀರಿನಲ್ಲಿ ಬೇಯಿಸುವುದು ಅವಿವೇಕ. 2013ರಿಂದ ಶಾಲೆಗಳಲ್ಲಿ ಕೊಡುತ್ತಿರುವ ಕ್ಷೀರಭಾಗ್ಯದ ಹಾಲಿನ ಪುಡಿಯನ್ನು ಕಲಸುವ ನೀರಿಗೂ ಇದೇ ಮಾತು.

ತುಂಗಭದ್ರೆಯ ನೀರನ್ನು ಪಾವಗಡಕ್ಕೆ, ಹೇಮಾವತಿಯ ನೀರನ್ನು ಶಿರಾ ಕಡೆಗೆ ತರುವ ಯೋಜನೆಗಳಿರುವಾಗ ಬೇರೆ ಪ್ರಯತ್ನವೇಕೆಂದು ಕೇಳುವವರಿದ್ದಾರೆ. ನದಿಯ ನೀರು ಮನೆಮನೆಗೂ ಬರಲಿ. ಅದಕ್ಕಿಂತ ಒಳ್ಳೆಯ ಪರಿಹಾರವಿಲ್ಲ. ಆದರೆ ಕಟ್ಟಕಡೆಯ ಹಳ್ಳಿಯ ನಲ್ಲಿಗೆ ಅದು ದಿನವೂ ತಪ್ಪದೆ ಬರುವವರೆಗೆ ಮಗುವಿನ ಮೂಳೆ ಕಾಯುವುದಿಲ್ಲ. ಸುಮ್ಮನೆ ಸುರಿದುಹೋಗುವ ಮಳೆಯ ನೀರಿನಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಅಲ್ಪ. ನೂರು ಚದರ ಮೀಟರಿನ ಶಾಲೆಯ ಮಾಳಿಗೆಯ ಮೇಲೆ ವರ್ಷಕ್ಕೆ 500 ಮಿಲಿಮೀಟರ್ ಮಳೆ ಬಿದ್ದರೆ 50,000 ಲೀಟರ್ ನೀರಾಗುತ್ತದೆ. ಐದರಲ್ಲೊಂದು ಪಾಲು ನಷ್ಟವಾದರೂ, ನೂರು ಮಕ್ಕಳಿಗೆ ದಿನಕ್ಕೆ ಎರಡು ಲೀಟರಿನಂತೆ 200 ದಿನಗಳಿಗೆ ಅದು ಸಾಲುತ್ತದೆ. ಬೇಕಾದುದು ಮುಚ್ಚಿದ ಒಂದು ತೊಟ್ಟಿ, ಶುಚಿಯಾದ ಮಾಳಿಗೆ, ಕುಡಿಯುವ ಮೊದಲು ಸೋಸಿ ಕಾಯಿಸುವ ಶ್ರದ್ಧೆ.

ಈ ನಾಲ್ಕು ತಾಲ್ಲೂಕುಗಳೂ ಮಧುಗಿರಿ ಶೈಕ್ಷಣಿಕ ಜಿಲ್ಲೆಯೆಂಬ ಒಂದೇ ಆಡಳಿತದ ಕೆಳಗಿವೆ. ಶಾಲಾ ಮಕ್ಕಳ ಆರೋಗ್ಯ ತಪಾಸಣೆಯೂ ನಡೆಯುತ್ತಿದೆ. ಅದರ ಪಟ್ಟಿಯಲ್ಲಿ ರಿಕೆಟ್ಸ್ ಸೇರಿದೆ. ಪ್ರತಿ ಮಗುವಿನ ಹಲ್ಲಿನ ಕಲೆ, ಮಣಿಕಟ್ಟಿನ ದಪ್ಪ, ಮೊಣಕಾಲಿನ ವಾಲು ಈ ಮೂರನ್ನು ನೋಡುವುದಕ್ಕೆ ಎರಡು ನಿಮಿಷ ಸಾಕು. ಸಂಶಯ ಬಂದ ಮಗುವಿಗೆ ಒಂದು ಚಿತ್ರ, ಆ ಊರಿನ ಬಾವಿಗೆ ಒಂದು ಪರೀಕ್ಷೆ: ಎರಡೂ ಒಂದೇ ವಾರದಲ್ಲಿ ನಡೆಯಬೇಕು. ಮಗುವನ್ನು ಪರೀಕ್ಷಿಸಿ ಬಾವಿಯನ್ನು ಬಿಟ್ಟರೆ, ಮರುವರ್ಷ ಅದೇ ಬೀದಿಯಿಂದ ಇನ್ನೊಂದು ಮಗು ಬರುತ್ತದೆ.